ತೋಟ ಕೇರಳದಲ್ಲಿ, ಧಾರಣೆ ಮಂಗಳೂರಿನಲ್ಲಿ: ಕಾಸರಗೋಡಿನ ಅಡಿಕೆಯ ಹಿನ್ನೆಲೆ

ಬದಿಯಡ್ಕ, ಪೆರ್ಲ, ಮುಳ್ಳೇರಿಯದ ಕಡೆಯ ಕೃಷಿಕರು ಅಡಿಕೆಯ ಧಾರಣೆ ಎಂದಾಗ ಇಂದಿಗೂ ಮೊದಲು ವಿಚಾರಿಸುವುದು ಮಂಗಳೂರಿನ ಪೇಟೆಯನ್ನು. 1956ರ ನವೆಂಬರ್ 1ರವರೆಗೆ ಕಾಸರಗೋಡು ದಕ್ಷಿಣ ಕನ್ನಡ ಜಿಲ್ಲೆಯ ತಾಲೂಕಾಗಿತ್ತು; ಜಿಲ್ಲಾ ಕೇಂದ್ರವೂ ಬಂದರೂ ಆಗಿದ್ದ ಮಂಗಳೂರೇ ಅದರ ಸಹಜ ಮಾರುಕಟ್ಟೆಯಾಗಿತ್ತು.

ಈ ಗುಡ್ಡಗಾಡಿನಲ್ಲಿ ಅಡಿಕೆ ತೋಟ ಎದ್ದದ್ದು ಸುಲಭದ ಮಾತಲ್ಲ. ನದಿಯಿಂದ ದೂರವಿರುವ ಬಾಯಾರು, ಎಣ್ಮಕಜೆಯಂಥ ಊರುಗಳಲ್ಲಿ ಜನ ಮುರಕಲ್ಲಿನ ಗುಡ್ಡವನ್ನು ಅಡ್ಡಲಾಗಿ ಕೊರೆದು ಸುರಂಗ ತೋಡಿದರು. ಒಬ್ಬ ಆಳು ಬಗ್ಗಿ ನುಗ್ಗುವಷ್ಟೇ ಇರುವ ಆ ಮಾಟೆಯೊಳಗೆ ಒಸರುವ ನೀರು ಕೆರೆಗೆ, ಕೆರೆಯಿಂದ ತೋಟಕ್ಕೆ ಹರಿಯಿತು. ಮಳೆಗಾಲದಲ್ಲಿ ಕೊಳೆರೋಗ ತಡೆಯಲು ಮೈಲುತುತ್ತು ಮತ್ತು ಸುಣ್ಣದ ಬೋರ್ಡೋ ದ್ರಾವಣ ಸಿಂಪಡಿಸಿ, ಬೇಸಗೆಯಲ್ಲಿ ಹಣ್ಣಡಿಕೆಯನ್ನು ಅಂಗಳದಲ್ಲಿ ಒಣಗಿಸಿ ಸುಲಿದರೆ ಚಾಲಿ ಸಿದ್ಧ. ಆ ಚಾಲಿಗೆ ಗಿರಾಕಿ ಇರುವುದು ಗುಜರಾತ್ ಮೊದಲಾದ ದೂರದ ನಾಡುಗಳಲ್ಲಿ. ಹಾಗಾಗಿ ಬೆಳೆದವನಿಗೂ ತಿನ್ನುವವನಿಗೂ ನಡುವೆ ಮಂಗಳೂರಿನ ವರ್ತಕರು ಅನಿವಾರ್ಯರಾಗಿದ್ದರು.

ರಾಜ್ಯ ಪುನರ್ವಿಂಗಡಣೆಯಾದಾಗ ತೋಟ ಕೇರಳಕ್ಕೆ ಹೋಯಿತು, ಪೇಟೆ ಮೈಸೂರು ರಾಜ್ಯದಲ್ಲಿ ಉಳಿಯಿತು. ರಾಜ್ಯದಿಂದ ರಾಜ್ಯಕ್ಕೆ ನಡೆಯುವ ಮಾರಾಟದ ಮೇಲೆ ತೆರಿಗೆ ಹಾಕುವ ಕೇಂದ್ರ ಮಾರಾಟ ತೆರಿಗೆ ಕಾಯ್ದೆಯನ್ನು ಸಂಸತ್ತು ಅಂಗೀಕರಿಸಿದ್ದೂ 1956ರಲ್ಲಿಯೇ. ನಿನ್ನೆಯವರೆಗೆ ಒಂದೇ ಜಿಲ್ಲೆಯೊಳಗಿನ ಮಾರಾಟವಾಗಿದ್ದದ್ದು ಅಂತರರಾಜ್ಯ ವ್ಯಾಪಾರವಾಯಿತು. ಚಂದ್ರಗಿರಿ ಹೊಳೆಯ ಉತ್ತರದ ಭಾಗ ಕರ್ನಾಟಕಕ್ಕೆ ಸೇರಬೇಕೆಂದು 1967ರಲ್ಲಿ ಮಹಾಜನ ಆಯೋಗ ಹೇಳಿದರೂ ಅದು ಜಾರಿಯಾಗಲಿಲ್ಲ.

1970ರ ದಶಕದ ಆರಂಭದಲ್ಲಿ ಅಡಿಕೆಯ ಬೆಲೆ ಕುಸಿದಾಗ ಗಡಿಯ ಎರಡೂ ಬದಿಯ ಕೃಷಿಕರು ಒಂದೇ ಸಂಕಟದಲ್ಲಿದ್ದರು. ಗಡಿಯಂಚಿನ ಅಡ್ಯನಡ್ಕದ ವಾರಣಾಶಿ ಸುಬ್ರಾಯ ಭಟ್ಟರ ಮುಂದಾಳತ್ವದಲ್ಲಿ 1973ರ ಜುಲೈ 11ರಂದು ಮಂಗಳೂರಿನಲ್ಲಿ ಹುಟ್ಟಿದ ಕ್ಯಾಂಪ್ಕೊ, ಎರಡು ರಾಜ್ಯಗಳ ಬೆಳೆಗಾರರನ್ನೂ ಸದಸ್ಯರನ್ನಾಗಿಸಿಕೊಂಡ ಸಹಕಾರಿ ಸಂಸ್ಥೆ. ಅದು ನೇರ ಖರೀದಿಗೆ ಇಳಿದದ್ದರಿಂದ ಧಾರಣೆ ಹೇಳುವ ಅಧಿಕಾರ ವರ್ತಕರೊಬ್ಬರದೇ ಆಗಿ ಉಳಿಯಲಿಲ್ಲ. ನನ್ನ ದೃಷ್ಟಿಯಲ್ಲಿ ಇದು ಅದರ ಅತಿ ದೊಡ್ಡ ಕೊಡುಗೆ. ಅಡಿಕೆಯ ನಡುವೆ ಬೆಳೆಸಿದ ಕೊಕ್ಕೊಗೂ ಬೆಲೆ ಬಿದ್ದಾಗ ಅದನ್ನೂ ಕೊಂಡ ಸಂಸ್ಥೆ, 1986ರಲ್ಲಿ ಪುತ್ತೂರಿನಲ್ಲಿ ಚಾಕಲೇಟ್ ಕಾರ್ಖಾನೆ ಆರಂಭಿಸಿತು.

2017ರ ಜುಲೈಯಲ್ಲಿ ಜಿ.ಎಸ್.ಟಿ. ಬಂದು ವಾಣಿಜ್ಯ ತೆರಿಗೆಯ ಗಡಿ ಠಾಣೆಗಳು ಮುಚ್ಚಿದವು. ಮೂರೇ ವರ್ಷದೊಳಗೆ, 2020ರ ಮಾರ್ಚ್‌ನಲ್ಲಿ, ಕೊರೊನಾ ಭೀತಿಯಿಂದ ಕರ್ನಾಟಕವು ಇದೇ ಗಡಿಯ ರಸ್ತೆಗಳಿಗೆ ಮಣ್ಣು ಸುರಿದು ಮುಚ್ಚಿತು. ಮಂಗಳೂರಿನ ಆಸ್ಪತ್ರೆಗಳನ್ನೇ ನಂಬಿದ್ದ ರೋಗಿಗಳೂ ಆಚೆಯೇ ಉಳಿಯಬೇಕಾಯಿತು.