ರಾಶಿಯ ಗರಿಷ್ಠ ದರ ಯಾರಿಗೆ ಸಿಕ್ಕಿತು?

ಶಿರಸಿ ಪೇಟೆಯ ಅಡಿಕೆ ದರ ಸಂಜೆಯಾದರೆ ಮೊಬೈಲಿಗೆ ಬಂದು ಬೀಳುತ್ತದೆ. ಚಾಲಿ, ರಾಶಿ, ಬೆಟ್ಟೆ, ಕೆಂಪುಗೋಟು, ಬಿಳೆಗೋಟು ಎಂದು ಸಾಲಾಗಿ ಅಡಿಕೆಯ ಬಗೆಗಳ ಹೆಸರು, ಪಕ್ಕದಲ್ಲಿ ಕನಿಷ್ಠ, ಗರಿಷ್ಠ. ಊರಲ್ಲಿ ಮಾತಾಗುವುದು ಮಾತ್ರ ಗರಿಷ್ಠದ್ದು. ‘ರಾಶಿ ಐವತ್ತೆರಡಕ್ಕೆ ಹೋತಡ’ (ಐವತ್ತೆರಡು ಸಾವಿರಕ್ಕೆ ಹೋಯಿತಂತೆ) ಎಂದು ಒಬ್ಬರು ಅಂದರೆ ಸಾಕು, ಚೀಲ ಕಟ್ಟಿಟ್ಟವರೆಲ್ಲ ಮನಸ್ಸಿನಲ್ಲೇ ಗುಣಾಕಾರ ಮಾಡಿಬಿಡುತ್ತಾರೆ.

ಒಂದು ಲೆಕ್ಕ ಹಾಕಿ ನೋಡೋಣ. ದರಗಳು ಸುಮ್ನೆ ಉದಾಹರಣೆಗೆ. ಒಂದು ದಿನ 100 ಕ್ವಿಂಟಲ್ ರಾಶಿ ಟೆಂಡರಿಗೆ ಬಂತು ಅಂದುಕೊಳ್ಳಿ. ಅದರಲ್ಲಿ 2 ಕ್ವಿಂಟಲ್ ಬಹಳ ಚೊಕ್ಕ ಮಾಲು, ಕ್ವಿಂಟಲ್‌ಗೆ 52,000 ರೂಪಾಯಿಯಂತೆ ಹೋಯಿತು. 80 ಕ್ವಿಂಟಲ್ 44,000ಕ್ಕೆ, ಉಳಿದ 18 ಕ್ವಿಂಟಲ್ 38,000ಕ್ಕೆ. ಮರುದಿನ ಪೇಪರಿನಲ್ಲಿ ಬರುವುದು ‘38,000–52,000’ ಎಂದು. ಎರಡನ್ನೂ ಕೂಡಿಸಿ ಅರ್ಧ ಮಾಡಿದರೆ 45,000. ಸರಾಸರಿ ಇಷ್ಟಿರಬೇಕು ಎಂದು ಯಾರಿಗಾದರೂ ಅನಿಸುತ್ತದೆ, ಅಲ್ವಾ? ಆದರೆ ತೂಕ ಹಿಡಿದು ಲೆಕ್ಕ ಮಾಡಿದರೆ ನಿಜವಾದ ಸರಾಸರಿ 43,080. ಅದಕ್ಕಿಂತ ಮುಖ್ಯವಾದದ್ದು ಇನ್ನೊಂದಿದೆ. 100ರಲ್ಲಿ 98 ಕ್ವಿಂಟಲ್ ಅಡಿಕೆಗೆ 45,000 ಸಿಗಲೇ ಇಲ್ಲ.

ಇಲ್ಲಿ ಯಾರೂ ಸುಳ್ಳು ಹೇಳಿಲ್ಲ. ಕನಿಷ್ಠವೂ ನಿಜ, ಗರಿಷ್ಠವೂ ನಿಜ. ಎಷ್ಟು ಮಾಲಿಗೆ ಆ ದರ ಎನ್ನುವುದೊಂದು ಬಿಟ್ಟುಹೋಗಿದೆ. ಹೆಚ್ಚು ಮಾಲು ಮಾರಾಟವಾದ ದರವನ್ನು ಕೆಲವು ಪಟ್ಟಿಗಳಲ್ಲಿ ‘ಮೋಡಲ್’ ಎಂದು ಬೇರೆಯೇ ಕೊಟ್ಟಿರುತ್ತಾರೆ. ನಮ್ಮ ಲೆಕ್ಕದಲ್ಲಿ ಅದು 44,000. ಚೀಲ ಇಟ್ಟುಕೊಂಡವರು ಮೊದಲು ನೋಡಬೇಕಾದದ್ದು ಅದನ್ನೇ. ಗರಿಷ್ಠಕ್ಕೆ ಇನ್ನೊಂದು ಗುಣವಿದೆ. ಪೇಟೆಗೆ ಬರುವ ಮಾಲು ಜಾಸ್ತಿಯಾದಷ್ಟೂ ಅದರಲ್ಲಿ ಸ್ವಲ್ಪವಾದರೂ ಅತಿ ಚೊಕ್ಕ ಮಾಲು ಇರುವ ಸಾಧ್ಯತೆ ಹೆಚ್ಚುತ್ತದೆ. ಹಾಗಾಗಿ ಪೇಟೆ ಏರದಿದ್ದರೂ ಗರಿಷ್ಠ ಏರಬಹುದು.

ಮಳೆಯ ಲೆಕ್ಕದಲ್ಲೂ ಇದೇ ತೊಡಕು. ಹವಾಮಾನ ಇಲಾಖೆಯ ‘ವಾಡಿಕೆ ಮಳೆ’ ಎಂದರೆ ಹಲವು ದಶಕಗಳ ಸರಾಸರಿ. ಅದಕ್ಕಿಂತ ಶೇ. 19ರಷ್ಟು ಹೆಚ್ಚೋ ಕಡಿಮೆಯೋ ಆದರೂ ಅದು ವಾಡಿಕೆಯೇ. ಕಾರವಾರದಲ್ಲಿ ವರ್ಷಕ್ಕೆ 3,000 ಮಿಲಿಮೀಟರ್‌ಗೂ ಜಾಸ್ತಿ ಬೀಳುತ್ತದೆ, ಮುಂಡಗೋಡದಲ್ಲಿ ಅದರ ಅರ್ಧವೂ ಇಲ್ಲ. ಇಡೀ ಉತ್ತರ ಕನ್ನಡಕ್ಕೆ ಒಂದೇ ಸಂಖ್ಯೆ ಕೊಟ್ಟರೆ ಕರಾವಳಿಯವರಿಗೂ ಅದು ಹೊಂದುವುದಿಲ್ಲ, ಮುಂಡಗೋಡದ ರೈತರಿಗಂತೂ ಇಲ್ಲವೇ ಇಲ್ಲ.

ಎಲ್ಲವನ್ನೂ ಎಣಿಸಲು ಆಗದೇ ಇದ್ದಾಗ ಏನು ಮಾಡುವುದು? ಸಂಖ್ಯಾಶಾಸ್ತ್ರದ ನಿಜವಾದ ಶಕ್ತಿ ಕಾಣುವುದು ಅಲ್ಲೇ. ಕರಾವಳಿಯಲ್ಲಿ ಇಷ್ಟು ಟನ್ ಬಂಗಡೆ ಬಂತು, ಇಷ್ಟು ತಾರ್ಲೆ ಬಂತು ಎಂದು ವರ್ಷವೂ ಓದುತ್ತೇವೆ. ಕಾರವಾರದ ಬೈತಖೋಲ್, ತದಡಿ, ಹೊನ್ನಾವರ, ಭಟ್ಕಳ, ನಡುವೆ ಹತ್ತಾರು ಸಣ್ಣ ದಕ್ಕೆಗಳು. ಎಲ್ಲ ಬೋಟುಗಳ ಎಲ್ಲ ಬುಟ್ಟಿಯನ್ನೂ ತೂಗಿದವರು ಯಾರೂ ಇಲ್ಲ.

ಕೇಂದ್ರ ಸಾಗರ ಮೀನುಗಾರಿಕೆ ಸಂಶೋಧನಾ ಸಂಸ್ಥೆ ಮಾಡುವುದು ಮಾದರಿ ಸಮೀಕ್ಷೆ. ಯಾವ ದಕ್ಕೆಗೆ ಯಾವ ದಿನ ಹೋಗಬೇಕು ಎನ್ನುವುದನ್ನು ಚೀಟಿ ಎತ್ತಿದಂತೆ ಆರಿಸುತ್ತಾರೆ. ಅಲ್ಲಿ ಬೋಟು ಕಡಿಮೆಯಿದ್ದರೆ ಎಲ್ಲವನ್ನೂ ನೋಡುತ್ತಾರೆ, ಜಾಸ್ತಿಯಿದ್ದರೆ ಕೆಲವನ್ನು ಆರಿಸಿಕೊಳ್ಳುತ್ತಾರೆ. ಅದರಿಂದ ಇಡೀ ತೀರದ ಅಂದಾಜು.

ಅನ್ನ ಬೆಂದಿದೆಯಾ ಎಂದು ನೋಡಲು ಒಂದು ಅಗುಳು ಸಾಕು ಎನ್ನುತ್ತೇವೆ. ಪಾತ್ರೆಯೊಳಗೆ ಎಲ್ಲ ಅಗುಳೂ ಒಟ್ಟಿಗೇ ಕುದಿದಿರುವುದರಿಂದ ಅಲ್ಲಿ ಅದು ಸರಿ. ಕಡಲತೀರ ಹಾಗಲ್ಲ. ದೊಡ್ಡ ಸುತ್ತುಬಲೆಯ ಪರ್ಸಿನ್ ಬೋಟಿನ ಹಿಡಿತವೇ ಬೇರೆ, ಸಣ್ಣ ಪಾತಿ ದೋಣಿಯದೇ ಬೇರೆ. ಜೂನ್, ಜುಲೈನಲ್ಲಿ ಯಾಂತ್ರಿಕ ಬೋಟುಗಳಿಗೆ ನಿಷೇಧ. ಎಣಿಸುವವರು ತಮಗೆ ಅನುಕೂಲವಾದ ದಿನ ಬೈತಖೋಲ್‌ಗೆ ಮಾತ್ರ ಹೋಗಿ ಬಂದರೆ ದೊಡ್ಡ ಬೋಟುಗಳ ಮೀನಷ್ಟೇ ಲೆಕ್ಕಕ್ಕೆ ಸಿಗುತ್ತದೆ. ಹಾಗೆ ನೂರು ಸಲ ಹೋದರೂ ತಪ್ಪು ಸರಿಯಾಗುವುದಿಲ್ಲ, ಇನ್ನಷ್ಟು ಗಟ್ಟಿಯಾಗುತ್ತದೆ. 1936ರ ಅಮೆರಿಕ ಅಧ್ಯಕ್ಷ ಚುನಾವಣೆಯಲ್ಲಿ ಒಂದು ಪತ್ರಿಕೆ ಸುಮಾರು 24 ಲಕ್ಷ ಜನರ ಉತ್ತರ ಸಂಗ್ರಹಿಸಿಯೂ ರೂಸ್ವೆಲ್ಟ್ ಸೋಲುತ್ತಾರೆ ಎಂದಿತು. ಅವರು 48 ರಾಜ್ಯಗಳಲ್ಲಿ 46ನ್ನು ಗೆದ್ದರು. ಉತ್ತರಿಸಿದವರು ದೇಶದ ಎಲ್ಲ ಬಗೆಯ ಜನರನ್ನು ಪ್ರತಿನಿಧಿಸುತ್ತಿರಲಿಲ್ಲ.

ಅಂದಾಜು ಎಂದ ಮೇಲೆ ತಪ್ಪು ಇದ್ದೇ ಇರುತ್ತದೆ. ಎಷ್ಟು ತಪ್ಪಿರಬಹುದು ಎನ್ನುವುದನ್ನೂ ಲೆಕ್ಕ ಹಾಕಬಹುದು ಎನ್ನುವುದು ನನ್ನ ಮಟ್ಟಿಗೆ ಈ ಶಾಸ್ತ್ರದ ಅತಿ ದೊಡ್ಡ ಕಾಣಿಕೆ. ಇದರಲ್ಲಿ ನಮ್ಮ ನಾಡಿನವರ ಪಾಲು ದೊಡ್ಡದು. 1920ರಲ್ಲಿ ಹೂವಿನ ಹಡಗಲಿಯಲ್ಲಿ ಹುಟ್ಟಿದ ಸಂಖ್ಯಾಶಾಸ್ತ್ರಜ್ಞ ಸಿ. ಆರ್. ರಾವ್ 1945ರಲ್ಲಿ, ಇನ್ನೂ 25ರ ಹೊಸ್ತಿಲಲ್ಲಿದ್ದಾಗ ಪ್ರಕಟಿಸಿದ ಲೇಖನದಲ್ಲಿ ಒಂದು ಮಿತಿಯನ್ನು ತೋರಿಸಿದರು. ಕೈಯಲ್ಲಿ ಇಷ್ಟೇ ಮಾಹಿತಿ ಇದ್ದಾಗ, ಪಕ್ಷಪಾತವಿಲ್ಲದ ಯಾವ ಅಂದಾಜಿನ ಏರುಪೇರನ್ನೂ ಒಂದು ಮಟ್ಟಕ್ಕಿಂತ ಕೆಳಗಿಳಿಸಲು ಆಗುವುದಿಲ್ಲ. ಎಷ್ಟು ಜಾಣ ಸೂತ್ರ ತಂದರೂ ಅಷ್ಟೇ. ಇದನ್ನೇ ಇಂದು ಕ್ರಾಮರ್–ರಾವ್ ಮಿತಿ ಎಂದು ಜಗತ್ತಿನಾದ್ಯಂತ ಕಲಿಸುತ್ತಾರೆ.

ಅಡಿಕೆಯಲ್ಲಿ ಲೆಕ್ಕ ತಪ್ಪಿದರೆ ಹಣ ಹೋಗುತ್ತದೆ, ಕಾಯಿಲೆಯಲ್ಲಿ ತಪ್ಪಿದರೆ ಜೀವಕ್ಕೇ ಬರುತ್ತದೆ. ಮಂಗನ ಕಾಯಿಲೆ ಮೊದಲು ಪತ್ತೆಯಾದದ್ದು 1957ರಲ್ಲಿ, ಪಕ್ಕದ ಸೊರಬ ತಾಲೂಕಿನ ಕ್ಯಾಸನೂರು ಕಾಡಿನಲ್ಲಿ. ಸಿದ್ದಾಪುರದ ಕಡೆ ಬೇಸಿಗೆ ಬಂತೆಂದರೆ ಈ ಕಾಯಿಲೆ ಹರಡುವ ಉಣುಗಿನ ಭಯ ಶುರು. ಸೋಂಕು ತಗುಲಿದವರಲ್ಲಿ ಶೇ. 3ರಿಂದ 5ರಷ್ಟು ಜನ ಸಾಯುತ್ತಾರೆ ಎನ್ನುತ್ತಾರೆ. ಆ ನೂರು ಜನ ಯಾರು? ರಕ್ತ ಪರೀಕ್ಷೆಯಲ್ಲಿ ಕಾಯಿಲೆ ಖಚಿತವಾದವರು. ನಾಲ್ಕು ದಿನ ಜ್ವರ ಬಂದು, ಮಾತ್ರೆ ನುಂಗಿ, ಮನೆಯಲ್ಲೇ ಮಲಗಿ ಎದ್ದವರು ಲೆಕ್ಕದಲ್ಲೇ ಇಲ್ಲ.

‘ಪ್ರಕರಣ ದುಪ್ಪಟ್ಟು’ ಎಂಬ ಸುದ್ದಿಯನ್ನೂ ಹಾಗೇ ಬಿಡಿಸಿ ನೋಡಬೇಕು. ಎರಡು ನಾಲ್ಕಾದರೂ ದುಪ್ಪಟ್ಟು, ಇನ್ನೂರು ನಾನ್ನೂರಾದರೂ ದುಪ್ಪಟ್ಟು. ಕಾಯಿಲೆ ಹರಡಿದರೆ ಸಂಖ್ಯೆ ಏರುತ್ತದೆ. ಆಶಾ ಕಾರ್ಯಕರ್ತೆ ಬಿಸಿಲಲ್ಲಿ ಮನೆಮನೆಗೆ ಹೋಗಿ ಜ್ವರದವರನ್ನು ಹುಡುಕಿ ಪರೀಕ್ಷೆಗೆ ಕಳಿಸಿದರೂ ಸಂಖ್ಯೆ ಏರುತ್ತದೆ. ಎಷ್ಟು ಜನರನ್ನು ಪರೀಕ್ಷಿಸಿದರು ಎನ್ನುವುದನ್ನು ಪಕ್ಕದಲ್ಲೇ ಬರೆದರೆ ಮಾತ್ರ ಎರಡರ ನಡುವಿನ ವ್ಯತ್ಯಾಸ ಹಿಡಿಯಬಹುದು. ಅದನ್ನು ನೋಡದೆ ಹೆಚ್ಚು ಪ್ರಕರಣ ತೋರಿಸಿದ ಊರಿನವರನ್ನೇ ದೂರತೊಡಗಿದರೆ, ಮುಂದಿನ ವರ್ಷ ಅಲ್ಲಿ ಜ್ವರ ಬಂದವರು ಪರೀಕ್ಷೆಗೇ ಬರುವುದಿಲ್ಲ.