ಆಡಿಷನ್ ನೋಡುವಾಗ ಕಿವಿ ಸಾಲಿನ ಕೊನೆಯಲ್ಲಿರಲಿ

ಸರಿಗಮಪದಂಥ ಸ್ಪರ್ಧೆ ಶುರುವಾದ ಮೊದಲ ಎರಡು ಮೂರು ವಾರ ಮನೆಮಂದಿಯ ಕಣ್ಣೆಲ್ಲ ತೀರ್ಪುಗಾರರು ಬಟನ್ ಒತ್ತುತ್ತಾರೋ ಇಲ್ಲವೋ ಎಂಬುದರ ಮೇಲೇ ಇರುತ್ತದೆ. ಗಾಯಕರ ನಿಜವಾದ ತಯಾರಿ ಎಷ್ಟೆಂದು ತಿಳಿಯಲು ಇಡೀ ಸೀಸನ್‌ನಲ್ಲಿ ಇದಕ್ಕಿಂತ ಒಳ್ಳೆಯ ಕಾಲ ಇನ್ನೊಂದಿಲ್ಲ. ಮುಂದಿನ ಸುತ್ತುಗಳ ಹೊತ್ತಿಗೆ ಮೆಂಟರ್‌ಗಳು ತಿದ್ದಿರುತ್ತಾರೆ, ದನಿಗೆ ಒಗ್ಗುವ ಹಾಡನ್ನೇ ಆರಿಸಿಕೊಟ್ಟಿರುತ್ತಾರೆ, ಬೆನ್ನಿಗೆ ಕೋರಸ್ ನಿಂತಿರುತ್ತದೆ.

ಟಿವಿಯಲ್ಲಿ ಕಾಣುವುದು ಮೊದಲ ಆಡಿಷನ್ ಅಲ್ಲ ಎಂಬುದು ನೆನಪಿರಲಿ. 2002ರಲ್ಲಿ ಶುರುವಾದ ಅಮೆರಿಕನ್ ಐಡಲ್‌ನಲ್ಲಿ ಸ್ಟೇಡಿಯಂಗೆ ಬಂದ ಸಾವಿರಾರು ಜನರನ್ನು ಮೊದಲು ಕಾರ್ಯಕ್ರಮದ ತಂಡವೇ ಜರಡಿ ಹಿಡಿಯುತ್ತಿತ್ತು; ಉಳಿದ ಕೆಲವರಷ್ಟೇ ತೀರ್ಪುಗಾರರ ಎದುರು ನಿಲ್ಲುತ್ತಿದ್ದರು. ತೀರಾ ಅಪಸ್ವರ ಹಾಡುವವರೂ ಆ ಕೋಣೆ ಮುಟ್ಟುತ್ತಿದ್ದರೆಂದರೆ, ಕಂತಿಗೆ ನಗು ಬೇಕೆಂದು ಗೊತ್ತಿದ್ದೇ ಕಳಿಸಿದ್ದು. ಅಲ್ಲಿ ಹೆಚ್ಚಾಗಿ ವಾದ್ಯವಿಲ್ಲದ ಹಾಡು. ನಮ್ಮ ಮೆಗಾ ಆಡಿಷನ್‌ಗಳಲ್ಲಿ ಸಾಮಾನ್ಯವಾಗಿ ವಾದ್ಯವೃಂದ ಇರುತ್ತದೆ, ಹಾಗಾಗಿ ಕೇಳುವ ಬಗೆಯೂ ಬೇರೆ.

ಮೊದಲು ಗಮನಿಸಬೇಕಾದದ್ದು ಶ್ರುತಿಯ ಆಯ್ಕೆ, ಅಂದರೆ ಹಾಡಿನ ಆಧಾರ ಸ್ವರ ಎಷ್ಟು ಎತ್ತರದಲ್ಲಿದೆ ಎಂಬುದು. ಗಂಡಸರಿಗೆ ಒಂದು, ಒಂದೂವರೆ, ಎರಡು. ಹೆಂಗಸರಿಗೆ ಐದರಿಂದ ಆರೂವರೆವರೆಗೆ ಎಂಬುದು ಸುಮಾರಾದ ಲೆಕ್ಕ. ಒಂದೂವರೆ, ಅಂದರೆ ಸಿ ಶಾರ್ಪ್ ಶ್ರುತಿಯ ಗಾಯಕನ ಮಧ್ಯ ಷಡ್ಜ (ನಡುಸ್ಥಾಯಿಯ ‘ಸ’) ಸುಮಾರು 139 ಹರ್ಟ್ಸ್, ಮಂದ್ರ ಪಂಚಮ (ಕೆಳಸ್ಥಾಯಿಯ ‘ಪ’) 104, ತಾರ ಪಂಚಮ (ಮೇಲಿನ ಸ್ಥಾಯಿಯ ‘ಪ’) 415. ಸಿನಿಮಾ ಹಾಡೊಂದರ ಹರವು ಈ ಎರಡು ಪಂಚಮಗಳ ನಡುವೆ ಇದ್ದರೆ ಅವನಿಗೆ ಎರಡೂ ತುದಿ ಬಿಗಿ. ಮೇಲಿನದು ಸಲೀಸಾಗಲಿ ಎಂದು ಹಾಡನ್ನು ಒಂದು ಶ್ರುತಿ ಇಳಿಸುತ್ತಾನೆ. ಎತ್ತರದ ಸ್ವರ ಸರಾಗವಾಗಿ ಬರುತ್ತದೆ, ಚಪ್ಪಾಳೆ ಬೀಳುತ್ತದೆ. ಆದರೆ ಪಲ್ಲವಿಯ ಕೆಳಗಿನ ಸ್ವರ ಬರೀ ಉಸಿರಾಗಿ ಮಾಯವಾಗುತ್ತದೆ. ಬಟನ್ ಒತ್ತದ ತೀರ್ಪುಗಾರರನ್ನು ಬೈಯುವ ಮೊದಲು ಆ ಸಾಲನ್ನು ಇನ್ನೊಮ್ಮೆ ಕೇಳಿ.

ಕೇಳುವುದಾದರೆ ಹೆಡ್‌ಫೋನ್ ಹಾಕಿಕೊಳ್ಳಿ. ಮೊಬೈಲ್‌ನ ಪುಟ್ಟ ಸ್ಪೀಕರ್ 200 ಹರ್ಟ್ಸ್‌ಗಿಂತ ಕೆಳಗಿನದನ್ನು ಸರಿಯಾಗಿ ಕೊಡುವುದಿಲ್ಲ. ಮಂದ್ರ ಚೆನ್ನಾಗಿದೆಯೋ ಇಲ್ಲವೋ ಅದರಲ್ಲಿ ತೀರ್ಮಾನವಾಗದು.

ಎರಡನೆಯದು, ಎಲ್ಲಕ್ಕಿಂತ ಮುಖ್ಯವಾದದ್ದು, ಸಾಲಿನ ಕೊನೆ. ಉಸಿರು ಮುಗಿಯುತ್ತ ಬಂದಂತೆ ಗಂಟಲಿನ ಕೆಳಗಿನ ಒತ್ತಡ ಕುಸಿಯುತ್ತದೆ, ಅದರೊಂದಿಗೆ ಸ್ವರವೂ ಜಾರುತ್ತದೆ. ಅರ್ಧ ಶ್ರುತಿಯನ್ನು, ಅಂದರೆ ಕೀಬೋರ್ಡಿನ ಪಕ್ಕಪಕ್ಕದ ಎರಡು ಮನೆಗಳ ಅಂತರವನ್ನು, ನೂರು ಪಾಲು ಮಾಡಿದರೆ ಒಂದೊಂದು ಪಾಲೂ ಒಂದು ಸೆಂಟ್. ಐದಾರು ಸೆಂಟ್ ಕುಸಿದರೆ ಯಾರಿಗೂ ತಿಳಿಯದು. ಇಪ್ಪತ್ತೈದು ಮೂವತ್ತಾದರೆ ಹೆಸರು ಹೇಳಲು ಬಾರದಿದ್ದರೂ ಏನೋ ಕಸಿವಿಸಿ ಅನಿಸುತ್ತದೆ. ಸಾಲಿನ ಕೊನೆಯ ದೀರ್ಘಾಕ್ಷರ ನಿಂತಾಗ ಕೀಬೋರ್ಡಿನ ಸ್ವರದ ಜೊತೆ ಅದು ಕೂಡಿಕೊಳ್ಳುತ್ತದೋ ಉಜ್ಜುತ್ತದೋ ನೋಡಿ. ಮೊದಲ ಸಾಲಿನಲ್ಲೇ ತೀರ್ಪು ಕೊಡಬೇಡಿ. ಗಾಬರಿಗೆ ಉಸಿರು ಎದೆಯ ಮೇಲ್ಭಾಗದಲ್ಲೇ ಸಿಕ್ಕಿಕೊಂಡು ಸ್ವರ ಮೇಲಕ್ಕೆ ಏರುವುದು ಪಳಗಿದವರಿಗೂ ಆಗುತ್ತದೆ. ಪಲ್ಲವಿ ಎರಡನೇ ಸಲ ಬಂದಾಗ ಸರಿಹೋಗಿದ್ದರೆ ಅದು ಬರೀ ಅಂಜಿಕೆ. ಚರಣದಲ್ಲೂ ಹಾಗೇ ಇದ್ದರೆ ಅಭ್ಯಾಸದ ದೋಷ, ಅದು ಬೇಗ ಬಿಟ್ಟುಹೋಗುವಂಥದ್ದಲ್ಲ.

ನಡುವಿನ ವಾದ್ಯಸಂಗೀತ (ಬಿಜಿಎಂ) ಮುಗಿದು ಚರಣ ಶುರುವಾಗುವ ಎತ್ತುಗಡೆಯಲ್ಲಿ ಕರೋಕೆ ಹಾಡುಗಾರರು ಸಿಕ್ಕಿಬೀಳುತ್ತಾರೆ. ಪರದೆಯ ಮೇಲೆ ಅಕ್ಷರಕ್ಕೆ ಬಣ್ಣ ಬಂದಾಗ ಶುರುಮಾಡಿ ರೂಢಿಯಾದವರಿಗೆ ತಾಳ ಎಣಿಸುವ ಗೋಜಿರಲಿಲ್ಲ. ಸಮದಲ್ಲಿ, ಅಂದರೆ ತಾಳದ ಮೊದಲ ಪೆಟ್ಟಿಗೆ, ಎತ್ತುವ ಚರಣವಾದರೆ ಹೇಗೋ ಪಾರಾಗುತ್ತಾರೆ. ಪೆಟ್ಟು ಬಿದ್ದು ಅರ್ಧ ಎಣಿಕೆ ಕಳೆದ ಮೇಲೆ ಎತ್ತಬೇಕಾದಲ್ಲಿ ಅವಸರಪಟ್ಟು ಪೆಟ್ಟಿಗೇ ಬಂದುಬಿಡುತ್ತಾರೆ. ಆಗ ಒಳ್ಳೆಯ ತಬಲಾದವರು ಸದ್ದಿಲ್ಲದೆ ಹೊಂದಿಸಿಕೊಂಡು ಕಾಪಾಡುತ್ತಾರೆ. ಗಾಯಕರ ಕೈಬೆರಳು ತೊಡೆಯ ಮೇಲೆ ಏನು ಮಾಡುತ್ತಿದೆ ಎಂದು ಕ್ಯಾಮೆರಾ ತೋರಿಸಿದರೆ ಗಮನಿಸಿ, ಅರ್ಧ ಉತ್ತರ ಅಲ್ಲೇ ಸಿಗುತ್ತದೆ.

ಕನ್ನಡದ ಹಾಡಿಗೆ ಇನ್ನೊಂದು ಕಷ್ಟವಿದೆ. ಹಕಾರ ಬಿಟ್ಟು ‘ಹಾಲು’ ‘ಆಲು’ ಆಗುವುದು, ಳಕಾರ ಲಕಾರವಾಗುವುದು ಎಲ್ಲರಿಗೂ ಕೇಳಿಸುತ್ತದೆ, ವಾರ ಎರಡು ವಾರದಲ್ಲಿ ತಿದ್ದಲೂ ಬರುತ್ತದೆ. ಪದವನ್ನು ಉಸಿರಿಗಾಗಿ ಮುರಿಯುವುದು ಹೆಚ್ಚು ಕೆಟ್ಟದ್ದು. ‘ಮನದಂಗಳದಲಿ’ ಎಂಬುದನ್ನು ‘ಮನದಂ’ ಎಂದು ನಿಲ್ಲಿಸಿ, ಉಸಿರೆಳೆದು, ‘ಗಳದಲಿ’ ಎಂದರೆ ಸ್ವರ ಎಷ್ಟೇ ಶುದ್ಧವಿದ್ದರೂ ಅರ್ಥ ಸತ್ತಿತು. ಉಸಿರು ತೆಗೆದುಕೊಳ್ಳಬೇಕಾದದ್ದು ‘ಮನ’ಕ್ಕೆ ಮುಂಚೆ. ಇದನ್ನು ಹಾಡು ಕಲಿಯುವಾಗಲೇ ಸಾಹಿತ್ಯದ ಹಾಳೆಯಲ್ಲಿ ಗುರುತು ಹಾಕಿಕೊಂಡಿರಬೇಕು.

ಮೈಕ್ ಹಿಡಿಯುವ ರೀತಿಯನ್ನೂ ನೋಡಿ. ತುಟಿಯಿಂದ ನಾಲ್ಕೈದು ಸೆಂಟಿಮೀಟರ್ ಇದ್ದರೆ ದನಿಗೆ ಗಾತ್ರ ಬರುತ್ತದೆ. ಇನ್ನೂ ಹತ್ತಿರ ತಂದರೆ ಕೆಳದನಿ ದಪ್ಪಗಾಗಿ ಪಕಾರ, ಬಕಾರಗಳು ಗಾಳಿ ಹೊಡೆಯುತ್ತವೆ. ದೂರ ಇಮ್ಮಡಿಯಾದರೆ ಸದ್ದು ಸುಮಾರು ಆರು ಡೆಸಿಬೆಲ್ ಇಳಿಯುತ್ತದೆ. ತಾರಸ್ಥಾಯಿಗೆ ಹೋಗುವಾಗ ಮೈಕನ್ನು ತುಸು ಹಿಂದಕ್ಕೆ ಎಳೆಯುವವರಿಗೆ ಈ ಲೆಕ್ಕ ಗೊತ್ತಿರುತ್ತದೆ. ಜಾಲರಿಯನ್ನೇ ಮುಷ್ಟಿಯಲ್ಲಿ ಮುಚ್ಚಿ ಹಿಡಿಯುವುದು ನೋಡಲು ಸ್ಟೈಲ್, ಕೇಳಲು ಡಬ್ಬದೊಳಗಿನ ದನಿ.

ಪ್ರಸಾರವಾಗುವುದನ್ನೆಲ್ಲ ಹಾಗೇ ನಂಬಬೇಕಿಲ್ಲ. 2010ರಲ್ಲಿ ಬ್ರಿಟನ್ನಿನ ಎಕ್ಸ್ ಫ್ಯಾಕ್ಟರ್‌ನ ಆಡಿಷನ್ ಕಂತಿನಲ್ಲಿ ಸ್ವರ ತಿದ್ದುವ ತಂತ್ರಾಂಶವಾದ ಆಟೋಟ್ಯೂನ್ ಬಳಸಿದ್ದು ನೋಡುಗರ ಕಿವಿಗೇ ಬಿದ್ದು ದೊಡ್ಡ ಗದ್ದಲವಾಗಿತ್ತು. ಅಂಥ ತಿದ್ದುಪಡಿ ಸ್ವರವನ್ನು ಹತ್ತಿರದ ಮನೆಗೆ ಎಳೆದು ಕೂರಿಸುತ್ತದೆ. ಜೋರಾಗಿ ಹಾಕಿದರೆ ಒಂದು ಸ್ವರದಿಂದ ಇನ್ನೊಂದಕ್ಕೆ ಸರಿಯುವ ನಮ್ಮ ಜಾರು ಮೆಟ್ಟಿಲು ಮೆಟ್ಟಿಲಾಗಿ ಕೇಳಿಸುತ್ತದೆ, ಸ್ವರವನ್ನು ಅಲುಗಿಸುವ ಕಂಪಿತ ಚಪ್ಪಟೆಯಾಗುತ್ತದೆ. ಹಾಡಿನ ಮಧ್ಯೆ ದೃಶ್ಯ ತೀರ್ಪುಗಾರರ ಮುಖಕ್ಕೆ ಹೋಗಿ ವಾಪಸು ಬಂದಾಗ ಗಾಯಕರ ಉಸಿರಿನ ಸದ್ದೋ ಕೋಣೆಯ ಗುಂಗೋ ಬದಲಾಗಿದ್ದರೆ ಅಲ್ಲೊಂದು ಕತ್ತರಿ ಆಡಿರಬಹುದು.

ಇಷ್ಟೆಲ್ಲ ಅನುಮಾನವಿದ್ದಾಗ ನನ್ನ ಮಟ್ಟಿಗೆ ಹೆಚ್ಚು ನಂಬಬಹುದಾದ ಗಳಿಗೆ, ತೀರ್ಪುಗಾರರು ‘ಬೇರೇನಾದರೂ ಹಾಡಿ’ ಅನ್ನುವುದು. ಮೊದಲನೆಯದು ತಿಂಗಳುಗಟ್ಟಲೆ ತಿಕ್ಕಿದ ಹಾಡು. ಎರಡನೆಯದಕ್ಕೆ ವಾದ್ಯ ಇರುವುದಿಲ್ಲ, ಶ್ರುತಿಯನ್ನು ತಾವೇ ಹಿಡಿಯಬೇಕು. ಆಗ ಟ್ಯೂನರ್ ಆ್ಯಪ್ ತೆರೆದು ಪಲ್ಲವಿ ನಿಲ್ಲುವ ಸ್ವರ ಯಾವುದೆಂದು ನೋಡಿಟ್ಟುಕೊಳ್ಳಿ. ಚರಣ ಮುಗಿಸಿ ಮತ್ತೆ ಪಲ್ಲವಿಗೆ ಬಂದಾಗ ಮುಳ್ಳು ಅಲ್ಲೇ ನಿಂತರೆ ಆ ಕಿವಿ ಗಟ್ಟಿ. ಅರ್ಧ ಶ್ರುತಿ ಸರಿದಿದ್ದರೂ ತೀರ್ಪುಗಾರರು ಆಯ್ಕೆ ಮಾಡಿದರೆ, ಆ ದನಿಯ ಬಣ್ಣಕ್ಕಾಗಿಯೋ ವಯಸ್ಸು ನೋಡಿಯೋ ತಿದ್ದುವ ಕೆಲಸ ಒಪ್ಪಿಕೊಂಡಿದ್ದಾರೆ ಎಂದರ್ಥ. ಅಂಥವರ ಹೆಸರು ಬರೆದಿಟ್ಟುಕೊಂಡು ಐದಾರು ವಾರ ಬಿಟ್ಟು ಇದೇ ಲೆಕ್ಕ ಮತ್ತೆ ಹಾಕಿ ನೋಡಿ.