ಒಂಟಿ ಬೆಳ್ಳುಳ್ಳಿಗೆ ಶಕ್ತಿ ಬಂದಿಲ್ಲ, ಚಳಿ ಸಿಕ್ಕಿಲ್ಲ ಅಷ್ಟೇ

ಶಿವಮೊಗ್ಗದ ಗಾಂಧಿ ಬಜಾರಲ್ಲಿ ಮಾಮೂಲಿ ಬೆಳ್ಳುಳ್ಳಿ ಪಕ್ಕದಲ್ಲೇ ಕೆಲವರು ಒಂಟಿ ಬೆಳ್ಳುಳ್ಳಿ ಇಟ್ಟಿರ್ತಾರೆ, ಎಸಳೇ ಇಲ್ಲದ ಉರುಟು ಗಡ್ಡೆ, ರೇಟೂ ಜಾಸ್ತಿ. ಕೆಂಪು ದಾರದಲ್ಲಿ ಕಟ್ಟಿ ಬಾಗಿಲಿಗೆ ನೇತುಹಾಕಿದ್ರೆ ದೃಷ್ಟಿ ತಾಗಲ್ವಂತೆ, ಬೆಳಿಗ್ಗೆ ಖಾಲಿ ಹೊಟ್ಟೇಲಿ ಇಡಿಯಾಗಿ ನುಂಗಿದ್ರೆ ಶುಗರ್ರೂ ಬಿಪಿನೂ ಮಾಯವಂತೆ, ವಾಟ್ಸಾಪಲ್ಲಿ ಬಂದಿದ್ದೇ ಬಂದಿದ್ದು. ಬೆಳ್ಳುಳ್ಳಿ ಘಾಟಿಗೆ ಕಾರಣವಾದ ಆಲಿಸಿನ್ ಇಡೀ ಎಸಳಲ್ಲಿ ಇರೋದೇ ಇಲ್ಲ ಮಾರಾಯ್ರೇ, ಜಜ್ಜಿದಾಗ ಎಸಳಲ್ಲಿರೋ ಆಲಿನ್ ಅನ್ನೋ ವಸ್ತುವಿಗೂ ಆಲಿನೇಸ್ ಅನ್ನೋ ಕಿಣ್ವಕ್ಕೂ ಭೇಟಿಯಾಗಿ ಆಮೇಲೆ ಹುಟ್ಟೋದು. ಅದಿರ್ಲಿ, ನನ್ನ ತಕರಾರು ಬೇರೆ.

ಈ ಒಂಟಿ ಗಡ್ಡೆ ಎಷ್ಟೋ ಸಲ ಬೇರೆ ತಳಿಯೇ ಅಲ್ಲ. ಮಾಮೂಲಿ ಬೆಳ್ಳುಳ್ಳಿಗೇ ಚಳಿ ಸಾಲದಿದ್ರೆ, ನೆಟ್ಟ ಎಸಳು ತೀರಾ ಸಣ್ಣದಾದ್ರೆ, ತಡ ಮಾಡಿ ನೆಟ್ರೆ ಹಿಂಗಾಗುತ್ತೆ. (ಹಿಮಾಲಯದ್ದು ಅಂತ ಮಾರೋದ್ರಲ್ಲಿ ಬೇರೆ ಜಾತಿಯದ್ದೂ ಇರುತ್ತೆ, ಅದನ್ನ ಬಿಡಿ.) ಒಂದು ಎಸಳನ್ನ ಉದ್ದಕ್ಕೆ ಸೀಳಿ ನೋಡಿ. ನಡುವೆ ಎಳೇ ಹಸಿರು ಮೊಳಕೆ, ಸುತ್ತ ದಪ್ಪಗೆ ಬಿಳಿ. ಆ ಬಿಳಿ ಪೂರಾ ಆಹಾರ ತುಂಬಿಕೊಂಡು ಊದಿದ ಒಂದೇ ಒಂದು ಎಲೆ! ಎಸಳು ಅಂದ್ರೆ ಒಂದು ಮೊಗ್ಗು. ಎಲೆ ಬುಡದ ಸಂದಿಗಳಲ್ಲಿ ಎಷ್ಟು ಮೊಗ್ಗು ಹುಟ್ಟುತ್ತೋ ಗಡ್ಡೆಗೆ ಅಷ್ಟು ಎಸಳು. ಮೊಗ್ಗು ಹುಟ್ಟೋಕೆ ಚಳಿ ಬೇಕು, ಹುಟ್ಟಿದ್ದು ಊದೋಕೆ ಹಗಲು ಉದ್ದ ಆಗ್ಬೇಕು, ಸೆಕೆ ಏರ್ಬೇಕು. ಮೊಗ್ಗೇ ಹುಟ್ಟದೆ ಸೆಕೆ ಬಂದುಬಿಟ್ರೆ ಗಿಡ ತನ್ನ ಹತ್ರ ಇರೋದನ್ನೆಲ್ಲ ತುದಿಯ ಒಂದೇ ಮೊಗ್ಗಿಗೆ ತುಂಬುತ್ತೆ, ಅದೇ ನಿಮ್ಮ ಪವಾಡದ ಗಡ್ಡೆ.

ಗಿಡ ಚಳಿ ಲೆಕ್ಕ ಹೆಂಗಿಡುತ್ತೆ ಅನ್ನೋದು ನಂಗೆ ಎಷ್ಟು ಸಲ ಓದಿದ್ರೂ ಮುಗಿಯದ ಮಜಾ. ಇದನ್ನ ಚೆನ್ನಾಗಿ ಬಿಡಿಸಿ ನೋಡಿರೋದು ಸಾಸಿವೆ ಬಳಗದ ಅರಾಬಿಡಾಪ್ಸಿಸ್ ಅನ್ನೋ ಪುಟ್ಟ ಕಳೆಗಿಡದಲ್ಲಿ. ಹೂ ಬಿಡದ ಹಾಗೆ ತಡೆಯೋ ಎಫ್ಎಲ್‌ಸಿ ಅನ್ನೋ ಜೀನ್ ಅದರಲ್ಲಿದೆ, ಚಳಿಗೆ ವಿಐಎನ್3 ಅನ್ನೋ ಪ್ರೋಟೀನ್ ವಾರಗಟ್ಲೆ ನಿಧಾನಕ್ಕೆ ಜಮಾ ಆಗಿ ಆ ಜೀನನ್ನ ಮುಚ್ಚಿಸುತ್ತೆ. ಸ್ಕೂಲಿನ ಹಾಜರಿ ಪುಸ್ತಕ ಅಂದ್ಕೊಳ್ಳಿ, ಒಂದಿನ ಬಂದು ಮುಖ ತೋರಿಸಿದ್ರೆ ಪರೀಕ್ಷೆಗೆ ಕೂರಿಸಲ್ಲ. ಆದ್ರೆ ಇಲ್ಲಿ ಒಂದೊಂದು ಜೀವಕೋಶಕ್ಕೂ ಬೇರೆ ಬೇರೆ ಪುಸ್ತಕ, ಅರ್ಧ ಪಾಸು ಅನ್ನೋದಿಲ್ಲ, ಜೀನ್ ಮುಚ್ಚಿದ್ರೆ ಪೂರ್ತಿ ಮುಚ್ಚಿತು, ಇಲ್ಲಾಂದ್ರೆ ಇಲ್ಲ, ಚಳಿ ಜಾಸ್ತಿ ದಿನ ಇದ್ದಷ್ಟೂ ಮುಚ್ಚಿದ ಕೋಶಗಳ ಪಾಲು ಏರ್ತಾ ಹೋಗುತ್ತೆ, ಕೋಶ ಒಡೆದು ಎರಡಾದ್ರೂ ಎರಡಕ್ಕೂ ಅದೇ ಗುರುತು. ಬೆಳ್ಳುಳ್ಳಿಯ ಜೀನುಗಳು ಬೇರೆ, ವಾರಗಟ್ಲೆ ಚಳಿ ಕೇಳೋದು ಮಾತ್ರ ಅದೂ ಹಿಂಗೇ.

ಆ ಗುರುತು ಬೀಜ ಆಗೋವಾಗ ಅಳಿಸಿಹೋಗುತ್ತೆ, ಮುಂದಿನ ಪೀಳಿಗೆ ಮತ್ತೆ ಮೊದಲಿಂದ ಚಳಿ ಎಣಿಸ್ಬೇಕು. ಇದನ್ನ ಒಪ್ಪದೇ ಇದ್ದವನು ಸೋವಿಯತ್ ಒಕ್ಕೂಟದ ಕೃಷಿ ವಿಜ್ಞಾನಿ ಲೈಸೆಂಕೋ. ಚಳಿಗಾಲದ ಧಾನ್ಯಗಳಿಗೆ ಹೂ ಬಿಡೋಕೆ ಚಳಿ ಬೇಕು ಅಂತ ಜರ್ಮನಿಯ ಸಸ್ಯವಿಜ್ಞಾನಿ ಗಸ್ನರ್ 1918ರಲ್ಲೇ ತೋರಿಸಿದ್ರು, ಲೈಸೆಂಕೋ ಅದಕ್ಕೆ ಬಾಲ ಕಟ್ಟಿ, ಚಳಿ ಕೊಟ್ಟು ಬಂದ ಗುಣ ಮುಂದಿನ ಪೀಳಿಗೆಗೂ ಇಳಿಯುತ್ತೆ ಅಂದ, ಸ್ಟಾಲಿನ್ ಬೆನ್ನು ತಟ್ಟಿದ. ವಿರೋಧಿಸಿದ ವಾವಿಲೋವ್, ಅಂದ್ರೆ ಜಗತ್ತೆಲ್ಲ ಸುತ್ತಿ ಬೀಜ ಕೂಡಿಟ್ಟ ಮನುಷ್ಯ, 1943ರಲ್ಲಿ ಜೈಲಲ್ಲೇ ಸತ್ತ್ರು. ಮೂಢನಂಬಿಕೆ ಬರೀ ನಿಂಬೆಹಣ್ಣು ಮೆಣಸಿನಕಾಯಿಯದ್ದಲ್ಲ.

ಈಗ ನಮ್ಮೂರ ಕಡೆ. ಶಿವಮೊಗ್ಗ ಇರೋದು ಹೆಚ್ಚುಕಮ್ಮಿ 14 ಡಿಗ್ರಿ ಉತ್ತರದಲ್ಲಿ, ಡಿಸೆಂಬರ್ ಹಗಲಿಗೂ ಜೂನ್ ಹಗಲಿಗೂ ಇರೋ ವ್ಯತ್ಯಾಸ ಒಂದೂವರೆ ಗಂಟೆ ಚಿಲ್ಲರೆ. ಇಬ್ಬನಿ ಎಷ್ಟೇ ಬೀಳಲಿ, ತಣ್ಣಗಿನ ದೇಶದ ಬೆಳ್ಳುಳ್ಳಿ ಕೇಳೋ 10 ಡಿಗ್ರಿಗಿಂತ ಕಮ್ಮಿ ಚಳಿ ಇಲ್ಲಿ ವಾರಗಟ್ಲೆ ನಿಲ್ಲಲ್ಲ. ಅದಕ್ಕೇ ಯಮುನಾ ಸಫೇದ್, ಭೀಮಾ ಪರ್ಪಲ್ ಥರದ, ನಮ್ಮ ಗಿಡ್ಡ ಹಗಲಿಗೆ ಒಗ್ಗಿದ ತಳಿ ತಗೊಳ್ಳಿ. ಬೇರೆ ಬೀಜ ಆದ್ರೆ ಗಡ್ಡೇನ ಪೇಪರ್ ಕವರಲ್ಲಿ ಹಾಕಿ ಫ್ರಿಜ್ಜಲ್ಲಿ ಒಂದೂವರೆ ತಿಂಗಳು ಇಡಿ, ತೆಗೆದ ಕೂಡ್ಲೇ ನೆಡಿ, ಸೆಕೇಲಿ ಬಿಟ್ರೆ ಎಣಿಸಿದ ಚಳಿ ವಾಪಸ್ ಕಳೆದುಹೋಗುತ್ತೆ.

ಮಳೆ ಪೂರ್ತಿ ಬಿಟ್ಟ ಮೇಲೆ, ಅಕ್ಟೋಬರ್ ಕೊನೆ ಇಲ್ಲ ನವೆಂಬರಲ್ಲಿ, ನೀರು ನಿಲ್ಲದ ಹಾಗೆ ಮಡಿ ಎತ್ತರಿಸಿ, ಹುಳಿ ಮಣ್ಣಾದ್ರೆ ಮುಂಚೇನೇ ಸ್ವಲ್ಪ ಸುಣ್ಣ ಕೊಟ್ಟು, ಗಡ್ಡೆಯ ಹೊರಸುತ್ತಿನ ದಪ್ಪ ಎಸಳು ಮಾತ್ರ ಆರಿಸಿ ಚೂಪು ತುದಿ ಮೇಲೆ ಮಾಡಿ ಎರಡಿಂಚು ಆಳಕ್ಕೆ ಊರಿ, ಮೇಲೆ ದರಗು ಹರಡಿ. ಅಮಾವಾಸ್ಯೆ ಹುಣ್ಣಿಮೆ ನೋಡೋದು ಬೇಡ, ಅದಕ್ಕೆ ಬೇಕಿರೋದು ಥರ್ಮಾಮೀಟರ್. ಬಾಗಿಲಿಗೆ ಕಟ್ಟಿರೋ ಒಂಟಿ ಗಡ್ಡೆ ಇನ್ನೂ ಗಟ್ಟಿ ಇದ್ರೆ ಅದನ್ನೂ ಬಿಚ್ಚಿ ಫ್ರಿಜ್ಜಿಗೆ ಹಾಕಿ ಇವುಗಳ ಜೊತೆ ನೆಟ್ಟುಬಿಡಿ, ಮಾಮೂಲಿ ತಳಿಯದ್ದಾದ್ರೆ ಮಾರ್ಚ್-ಏಪ್ರಿಲಲ್ಲಿ ಕಿತ್ತಾಗ ಎಸಳು ಬಿಟ್ಟಿರುತ್ತೆ.